ಚಾವಡಿಯ ಪೀಠದ ಹೊಟ್ಟೆಕಿಚ್ಚು

ನಾನು ಒಂದು ವ್ಯಾಸಪೀಠ. ಪುಸ್ತಕವನ್ನು ಬಿಡಿಸಿಟ್ಟು ಓದಲೆಂದು ಮಾಡಿದ, ಕತ್ತರಿಯಂತೆ ಕಾಲು ಚಾಚುವ ಮರದ ಪೀಠ. ಎಲೆಘಟ್ಟದ ಕೆರೆ ಏರಿಯ ಮೇಲಿದ್ದ ಹಲಸಿನ ಮರ ಗಾಳಿಗೆ ಬಿದ್ದ ವರ್ಷ ಅದರ ಒಂದು ಹಲಗೆಯಿಂದ ಕಾಳಾಚಾರಿ ನನ್ನನ್ನು ಮಾಡಿದ. ಮೊಳೆ ಇಲ್ಲ, ಅಂಟಿಲ್ಲ, ಎರಡು ತುಂಡು ಸೇರಿಸಿದ್ದೂ ಅಲ್ಲ. ಹಲಗೆಯ ನಡುವೆ ಹಲ್ಲು ಹಲ್ಲಾಗಿ ಕೊರೆದು, ದಪ್ಪವನ್ನು ಎರಡಾಗಿ ಸೀಳಿ, ಹನ್ನೊಂದು ದಿನ ಉಳಿ ಹಿಡಿದು ಕೂತಿದ್ದ. ಹನ್ನೆರಡನೆಯ ದಿನ ಎರಡೂ ಕೈಯಿಂದ ಮೆಲ್ಲಗೆ ಎಳೆದ. ಟಕ್ ಎಂದು ಬಿಚ್ಚಿಕೊಂಡೆ. ಅದೇ ನನ್ನ ಹುಟ್ಟು.

"ತಗೊಳ್ಳಿ ಗೌಡ್ರೇ. ಬಾಯಿ ನಾನು ಕೊಟ್ಟಿವ್ನಿ, ಮಾತು ನೀವು ಕೊಡಿ" ಎಂದು ಕಾಳಾಚಾರಿ ನನ್ನನ್ನು ಚೆಲುವೇಗೌಡರ ಕೈಗಿಟ್ಟ.

ಚೆಲುವೇಗೌಡರನ್ನು ಊರಿನವರು ಓದಿನ ಗೌಡರು ಎನ್ನುತ್ತಿದ್ದರು. ಹಗಲು ಅವರೂ ಎಲ್ಲರಂತೆ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿರುವವರು. ಶ್ರಾವಣ ಬಂತೆಂದರೆ ಸಂಜೆ ಮಿಂದು, ಬಿಳಿ ಪಂಚೆ ಉಟ್ಟು, ಚಾವಡಿಯ ಜಗಲಿಗೆ ಬರುತ್ತಿದ್ದರು. ದೀಪ ಹಚ್ಚಿ, ನನ್ನನ್ನು ಬಿಡಿಸಿ, ಕೆಂಪು ವಸ್ತ್ರದಿಂದ ಕಾವ್ಯದ ಹೊತ್ತಗೆಯನ್ನು ತೆಗೆದು ನನ್ನ ಎದೆಯ ಮೇಲೆ ಇಡುತ್ತಿದ್ದರು. ಆಮೇಲೆ ಒಂದು ಪದ್ಯ. ಅದನ್ನು ಅವರು ಹಾಡುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ, ಎರಡರ ನಡುವೆ ಒಂದು ಸಣ್ಣ ಓಣಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ಪ್ರತಿಯೊಂದು ಅಕ್ಷರ ಗಾಳಿಗೆ ಹೋಗುವ ಮೊದಲು ನನ್ನೊಳಗೆ ನಡುಗಿ ಹೋಗುತ್ತಿತ್ತು. ಕೇಳುವುದೇ ನನ್ನ ಪೂಜೆ. ಜಗಲಿಯ ಮೇಲೆ ಎಷ್ಟು ಜನ ಕೂತಿರಲಿ, ಕಾವ್ಯಕ್ಕೆ ಎಲ್ಲರಿಗಿಂತ ಹತ್ತಿರದಲ್ಲಿ ಇದ್ದದ್ದು ನಾನು. ಆ ಗರ್ವ ನನಗಿತ್ತು.

ಗರ್ವ ಇದ್ದಲ್ಲಿ ಹೊಟ್ಟೆಕಿಚ್ಚೂ ಇತ್ತು. ಮೊದಲು ಅದು ಹುಟ್ಟಿದ್ದು ಮಂಚಯ್ಯನ ಮೇಲೆ. ಮಂಚಯ್ಯ ಕೇರಿಯವನು. ಕೇರಿಯವರು ಚಾವಡಿ ಹತ್ತುವಂತಿರಲಿಲ್ಲ. ಅವನು ಅಂಗಳದಲ್ಲಿ, ಹುಣಸೆಮರಕ್ಕೆ ಒರಗಿಸಿದ್ದ ಗಾಡಿಯ ಪಕ್ಕ ನಿಂತು ಕೇಳುತ್ತಿದ್ದ. ಜಗಲಿಯಿಂದ ನನಗೆ ಕಾಣುತ್ತಿದ್ದದ್ದು ಅವನ ರುಮಾಲು ಮಾತ್ರ. ಒಮ್ಮೆ ಚೆಲುವೇಗೌಡರು ಸಾಲೊಂದನ್ನು ಬಿಟ್ಟು ಮುಂದೆ ಹೋದರು. ಜಗಲಿಯ ಮೇಲೆ ಯಾರಿಗೂ ತಿಳಿಯಲಿಲ್ಲ.

ಅಂಗಳದಿಂದ ಮಂಚಯ್ಯ ಕೆಮ್ಮಿದ. "ಬುದ್ಧೀ, ಒಂದು ಸಾಲು ಜಾರ್ತು" ಎಂದ. ಜಾರಿದ ಸಾಲನ್ನು ರಾಗ ಸಮೇತ ಹೇಳಿಯೂ ಬಿಟ್ಟ.

ಗೌಡರು ನಕ್ಕು ಹಿಂದಕ್ಕೆ ಬಂದು ಮತ್ತೆ ಓದಿದರು. ಮೇಲೆ ಬಾ ಎನ್ನಲಿಲ್ಲ. ಅನ್ನಬೇಕಿತ್ತೆಂದು ಅವತ್ತು ನನಗೂ ಹೊಳೆಯಲಿಲ್ಲ. ನನಗೆ ಉರಿದದ್ದೇ ಬೇರೆ. ಎದೆಯ ಮೇಲೆ ಹೊತ್ತುಕೊಂಡ ನನಗೆ ಒಂದು ಸಾಲೂ ಬಾಯಿಗೆ ಬರುವುದಿಲ್ಲ, ದೂರದಲ್ಲಿ ನಿಂತವನಿಗೆ ಇಡೀ ಕಾವ್ಯ ಬರುತ್ತದೆ. ಇದು ಯಾವ ನ್ಯಾಯ?

ಮೂವತ್ತು ಶ್ರಾವಣ ಹೀಗೆ ಕಳೆದವು. ಚೆಲುವೇಗೌಡರ ಕಣ್ಣು ಮಂಜಾಯಿತು, ಆಮೇಲೆ ಉಸಿರು ಸಾಲದಾಯಿತು. ಅವರು ತೀರಿಕೊಂಡ ಮೇಲೆ ಓದುವವರು ಯಾರೂ ಬರಲಿಲ್ಲ. ಹೊತ್ತಗೆಗೆ ಗೆದ್ದಲು ಹತ್ತಿತು. ಅವರ ಮಗ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೊಳೆಗೆ ಬಿಟ್ಟು ಬಂದ. ಹಳೆಯ ಪುಸ್ತಕವನ್ನು ಕಸಕ್ಕೆ ಹಾಕಬಾರದಲ್ಲ. ನನ್ನನ್ನು ಯಾರೂ ಹೊಳೆಗೆ ಬಿಡಲಿಲ್ಲ.

ಗೌಡರ ಸೊಸೆ ನಿಂಗಾಜಮ್ಮ ನನ್ನನ್ನು ನಡುಮನೆಗೆ ತಂದಿಟ್ಟು, ನನ್ನ ಮೇಲೆ ಕನ್ನಡಿ ಒರಗಿಸಿ ತಲೆ ಬಾಚಿಕೊಳ್ಳುತ್ತಿದ್ದಳು. ಒಳ್ಳೆಯ ಹೆಂಗಸು. ಬಾಚುವಾಗ ಮಾವನ ಪದ್ಯಗಳ ಅರ್ಧರ್ಧ ಸಾಲು ಗುನುಗುವಳು. ಮಾವ ಬದುಕಿದ್ದಾಗ ಹೆಂಗಸರು ಕೂರುತ್ತಿದ್ದದ್ದು ಚಾವಡಿಯ ಹಿಂದಿನ ಗೋಡೆಯ ಆಚೆ. ಅವಳಿಗೆ ಸಿಕ್ಕಿದ್ದೂ ಅರ್ಧವೇ. ಮನೆಗೆ ಹೊಸ ಹೆಂಚು ಹೊದಿಸುವಾಗ ಸಾಮಾನೆಲ್ಲ ಹೊರಗೆ ಬಂತು. "ಪುಸ್ತಕದ ಸಾಮಾನು ಪುಸ್ತಕದ ತಾವೇ ಇರ್ಲಿ" ಎಂದು ಅವಳು ನನ್ನನ್ನು ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಟ್ಟಳು.

ಗ್ರಂಥಾಲಯ ನೋಡಿಕೊಳ್ಳುವವಳು ರಾಜಮ್ಮಣ್ಣಿ. ನಲವತ್ತು ದಾಟಿದ, ಸೆರಗನ್ನು ಸೊಂಟಕ್ಕೆ ಬಿಗಿದೇ ಇರುವ, ಮಾತು ಕಡಿಮೆಯ ಹೆಂಗಸು. ಮಂಚಯ್ಯನ ಮೊಮ್ಮಗಳು. ಇದು ತಿಳಿದ ದಿನ ನನ್ನ ಹಳೆಯ ಉರಿ ಒಂದು ಸಲ ಮಿಸುಕಿತು. ಅವಳು ನನ್ನನ್ನು ಒರೆಸಿ ಕಬ್ಬಿಣದ ಬೀರುವಿನ ಮೇಲೆ ಇಟ್ಟಳು. ಅಲ್ಲಿ ವರ್ಷಗಟ್ಟಲೆ ಇದ್ದೆ. ಮೇಲೆ ಕನ್ನಡಿಯಿಲ್ಲ, ಕಾವ್ಯವಿಲ್ಲ, ಕೆಳಗೆ ಪೇಪರು ಓದುವವರ ಬೋಳುತಲೆಗಳು ಮಾತ್ರ.

ಹೀಗಿರುವಾಗ ಅದು ಬಂತು. ದಪ್ಪ ಹೊತ್ತಗೆ, ಪ್ಲಾಸ್ಟಿಕ್ ಹೊದಿಕೆ, ಸಂವಿಧಾನ ಎಂದು ಹೆಸರು. ಪೀಠಿಕೆಯನ್ನು ಶಾಲೆಯಲ್ಲಿ ಮಕ್ಕಳು ದಿನವೂ ಕೂಗಿ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳುತ್ತಿತ್ತು. ರಾಜಮ್ಮಣ್ಣಿಗೆ ಅಷ್ಟು ಸಾಲಲಿಲ್ಲ. "ಮಕ್ಕಳು ಬಾಗಿಲು ಓದ್ತವೆ, ನಾವು ಮನೆಯೊಳಕ್ಕೆ ಹೋಗಾನ" ಎಂದು ಭಾನುವಾರ ನಾಲ್ಕು ಗಂಟೆಗೆ ಊರಿನವರನ್ನು ಕರೆದು, ಒಂದೊಂದೇ ವಿಧಿಯನ್ನು ಗಟ್ಟಿಯಾಗಿ ಓದಿಸತೊಡಗಿದಳು.

ನಾನು ಬೀರುವಿನ ಮೇಲಿಂದ ನೋಡಿದೆ. ಹೊತ್ತಗೆಯನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಇಟ್ಟಿದ್ದಳು. ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ.

ಏನಿದೆ ಅದರಲ್ಲಿ? ರಾಗವಿಲ್ಲ. ಪ್ರಾಸವಿಲ್ಲ. ಯುದ್ಧವಿಲ್ಲ, ವನವಾಸವಿಲ್ಲ, ಒಬ್ಬ ರಾಣಿಯೂ ಅಳುವುದಿಲ್ಲ. ವಿಧಿ, ಉಪವಿಧಿ, ಬ್ರಾಕೆಟ್ಟಿನಲ್ಲಿ ಎ, ಬ್ರಾಕೆಟ್ಟಿನಲ್ಲಿ ಬಿ. ಆದರೂ ಜನ ಬಂದರು. ಮೊದಲ ವಾರ ಆರು, ಆಮೇಲೆ ಹದಿನೈದು, ಆಮೇಲೆ ಬಾಗಿಲಲ್ಲಿ ಚಪ್ಪಲಿಗೆ ಜಾಗವಿಲ್ಲ. ನನಗೆ ತಡೆಯಲಾಗದ್ದು ಇನ್ನೊಂದು: ಅವರು ಓದನ್ನು ನಿಲ್ಲಿಸಿ ನಿಲ್ಲಿಸಿ ಮಾತಾಡುತ್ತಿದ್ದರು. ನನ್ನ ಕಾವ್ಯವನ್ನು ಯಾರೂ ಹೀಗೆ ತಡೆದು ಕೇಳಿದ್ದಿಲ್ಲ. ಕೈಮುಗಿದು ಕೇಳಿ ಎದ್ದು ಹೋಗುತ್ತಿದ್ದರು. ಈ ಹೊತ್ತಗೆಯ ಜೊತೆ ಜಗಳವನ್ನೇ ಆಡುತ್ತಿದ್ದರು, ಮನೆಯವರ ಜೊತೆ ಆಡುವ ಹಾಗೆ.

ಪೌರತ್ವದ ವಿಧಿಗಳು ಬಂದ ವಾರ ಟೀ ಅಂಗಡಿಯ ಮಾದೇಶ ಕೈ ಎತ್ತಿದ. "ಅಕ್ಕಾ, ನಾನು ಮದ್ದೂರು ದಾಟಿ ಅತ್ಲಾಗೆ ಹೋದೋನಲ್ಲ. ನಾನೂ ಪ್ರಜೆನೇ ತಾನೆ?"

"ನೀನು ಪ್ರಜೆನೇ. ನಿನ್ನ ಟೀನೇ ಯಾವ ದೇಶದ್ದೋ ಗೊತ್ತಾಗಲ್ಲ" ಎಂದಳು ನಿಂಗಾಜಮ್ಮ. ಎಪ್ಪತ್ತು ದಾಟಿದ ಅವಳು ಈಗ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ನನ್ನ ಗೌಡರ ಸೊಸೆ! ಅವಳೂ ಆ ಕಡೆಗೆ ಹೋದಳಲ್ಲ ಎಂದು ಸಂಕಟವಾಯಿತು.

ಹದಿನಾರು ಮುಗಿದ ಭಾನುವಾರ ರಾಜಮ್ಮಣ್ಣಿ ಪುಸ್ತಕ ಮುಚ್ಚಿ ಸ್ಟೂಲಿನ ಮೇಲೆ ಇಟ್ಟಳು. ಆಮೇಲೆ ಹೇಳಿದಳು. "ಬರೋ ವಾರ ಹದಿನೇಳು. ಅಸ್ಪೃಶ್ಯತೆ ಇಲ್ಲ ಅನ್ನೋ ವಿಧಿ. ಅದನ್ನ ಇಲ್ಲಿ ಓದಲ್ಲ. ಚಾವಡಿ ಜಗಲಿ ಮೇಲೆ ಕೂತ್ಕಂಡು ಓದ್ತೀನಿ."

ಮೂಲೆಯಲ್ಲಿ ಪೇಪರು ಹಿಡಿದಿದ್ದ ಲಿಂಗೇಗೌಡರು ತಲೆ ಎತ್ತಿದರು. ಚಾವಡಿಯ ಬೀಗದ ಕೈ ಅವರ ಮನೆಯಲ್ಲಿ ಇರುವುದು. ಅವರ ತಂದೆಯ ಕಾಲದಿಂದಲೂ ಹಾಗೆ. "ಇಲ್ಲೇನ್ ಆಗೈತವ್ವ? ಫ್ಯಾನ್ ಐತೆ, ಕುರ್ಚಿ ಐತೆ."

"ನಮ್ಮ ತಾತ ಮೂವತ್ತು ವರ್ಸ ಅದ್ರ ಕೆಳಗೆ ನಿಂತ್ಕಂಡು ಕೇಳ್ದ ಗೌಡ್ರೇ. ಒಂದಿನ ಮೇಲೆ ಬಾ ಅಂತ ಯಾರೂ ಅನ್ನಲಿಲ್ಲ."

"ಅದು ಆ ಕಾಲ. ಈಗ ಯಾರು ಬ್ಯಾಡ ಅಂದವ್ರೆ?"

"ಬ್ಯಾಡ ಅಂದಿಲ್ಲ. ನಮ್ಮೋರು ಯಾರು ಹತ್ತವ್ರೆ, ಒಬ್ಬರ ಹೆಸರು ಹೇಳಿ."

ಲಿಂಗೇಗೌಡರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು. "ನಾನೇನ್ ಅಡ್ಡ ಬರಾಕಿಲ್ಲ. ಆದ್ರೆ ಚಾವಡಿಗೆ ಅಂತ ಒಂದು ಪದ್ಧತಿ ಐತೆ. ಅಲ್ಲಿ ಓದೋ ಪುಸ್ತಕ ನೆಲಕ್ಕೆ ತಾಕಂಗಿಲ್ಲ, ತೊಡೆಗೆ ತಾಕಂಗಿಲ್ಲ. ಪೀಠ ಬೇಕು. ಓದಿನ ಗೌಡ್ರು ಹೋದ್ ಮ್ಯಾಲೆ ಆ ಪೀಠ ಎಲ್ಲೋಯ್ತೋ ಯಾರು ಬಲ್ಲರು. ಅದನ್ನ ತಂದಿಕ್ಕು, ಓದು. ನಾನೇ ಬಾಗಿಲು ತೆಗೀತೀನಿ."

ರಾಜಮ್ಮಣ್ಣಿ ಕುರ್ಚಿ ಎಳೆದು, ಹತ್ತಿ, ಬೀರುವಿನ ಮೇಲಿದ್ದ ನನ್ನನ್ನು ಇಳಿಸಿದಳು. "ಇದೇ ಅಲ್ವಾ ಗೌಡ್ರೇ?"

"ಗೌಡ್ರ ಮುಖ ನೋಡ್ರಪ್ಪ" ಎಂದ ಮಾದೇಶ. "ಕಾಫಿ ಅಂತ ಕಷಾಯ ಕುಡ್ದಂಗೆ ಆಗೋಯ್ತು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಾವ್ಯವನ್ನು ಹೊತ್ತ ಎದೆಯ ಮೇಲೆ ಈ ಬ್ರಾಕೆಟ್ಟುಗಳ ಪುಸ್ತಕವನ್ನು ಹೊರಬೇಕೇ? ಅದೂ ನನ್ನ ಜಗಲಿಯ ಮೇಲೆ, ಮಂಚಯ್ಯನ ಮೊಮ್ಮಗಳ ದನಿಗೆ? ಆ ವಾರವೆಲ್ಲ ನಾನು ಉರಿದೆ.

ಶನಿವಾರ ನಿಂಗಾಜಮ್ಮ ಬಂದು ನೋಡಿ, "ಎಷ್ಟ್ ವರ್ಸದ ಧೂಳು! ಚಾವಡಿಗೆ ಹೋಗೋ ಸಾಮಾನು, ಮಿಂದು ಮಡಿಯಾಗ್ಲಿ" ಎಂದು ನನ್ನನ್ನು ತೊಟ್ಟಿಯಲ್ಲಿ ಮುಳುಗಿಸಿ, ತೆಂಗಿನ ನಾರಿನಿಂದ ಉಜ್ಜಿ ತೊಳೆದಳು. ರಾಜಮ್ಮಣ್ಣಿ ಬಿಡಿಸಿ ನೋಡಲು ಹೋದಾಗ ತಡೆದಳು. "ಈಗಲೇ ಬ್ಯಾಡ ಕಣವ್ವ. ನಮ್ಮ ಮಾವ ದೀಪ ಹಚ್ಚಿದ್ ಮ್ಯಾಲೇ ಬಿಡಿಸ್ತಿದ್ದದ್ದು." ಅವಳಿಗೆ ಮಾವನ ಎಲ್ಲ ಪದ್ಧತಿ ಗೊತ್ತಿತ್ತು. ಅವರು ನನ್ನನ್ನು ಒಮ್ಮೆಯೂ ನೀರಿಗೆ ಹಾಕದೆ, ಒಣಬಟ್ಟೆಗೆ ಎಣ್ಣೆ ಮುಟ್ಟಿಸಿ ಒರೆಸುತ್ತಿದ್ದದ್ದು ಮಾತ್ರ ಗೊತ್ತಿರಲಿಲ್ಲ. ಅದನ್ನು ಅವರು ಗೋಡೆಯ ಈಚೆ ಮಾಡುತ್ತಿದ್ದರು.

ಭಾನುವಾರ ನಾಲ್ಕು ಗಂಟೆ. ಕಾರ್ತೀಕದ ಇಳಿಬಿಸಿಲು. ಲಿಂಗೇಗೌಡರು ಮಾತಿನಂತೆ ಬಾಗಿಲು ತೆಗೆದು ಕಂಬಕ್ಕೆ ಒರಗಿ ನಿಂತರು. ಗೌಡರ ಬೀದಿಯವರು ಜಗಲಿಯ ಒಂದು ಬದಿಯಲ್ಲಿ ಕೂತರು. ಕೇರಿಯವರು ಬಂದದ್ದು ನೂರು ಜನ, ಅಂಗಳದಲ್ಲೇ ನಿಂತರು. ಹತ್ತಿ ಎಂದು ಯಾರೂ ಹೇಳಲಿಲ್ಲ, ಹತ್ತಬೇಡಿ ಎಂದೂ ಹೇಳಲಿಲ್ಲ. ಮೊದಲು ರಾಜಮ್ಮಣ್ಣಿ ಏನು ಮಾಡುತ್ತಾಳೋ ನೋಡೋಣ ಎಂದು ಎಲ್ಲರ ಕಣ್ಣೂ ಅವಳ ಪಾದದ ಮೇಲೆ.

ಅವಳು ಮೂರು ಮೆಟ್ಟಿಲು ಹತ್ತಿ ಬಂದು ಕೂತಳು. ದೀಪ ಹಚ್ಚಿದಳು. ನನ್ನ ಎರಡು ರೆಕ್ಕೆಗೂ ಕೈ ಹಾಕಿ ಎಳೆದಳು.

ನಾನು ತೆರೆಯಲಿಲ್ಲ.

ಮತ್ತೆ ಎಳೆದಳು. ನೀರು ಕುಡಿದ ಮರ ಉಬ್ಬಿತ್ತು, ಹಲ್ಲಿಗೆ ಹಲ್ಲು ಕಚ್ಚಿಕೊಂಡಿತ್ತು. ಯಾವ ಬಡಗಿಯನ್ನು ಕೇಳಿದರೂ ಇಷ್ಟೇ ಹೇಳುತ್ತಾನೆ. ಆದರೆ ನನ್ನ ಒಳಗಿನದು ನನಗೆ ಗೊತ್ತು. ನೀರು ಅರ್ಧ ಬಿಗಿದಿತ್ತು. ಉಳಿದರ್ಧ ನಾನೇ ಬಿಗಿದೆ.

ಅವಳ ಹಣೆಯಲ್ಲಿ ಬೆವರು ಬಂತು. ಮಾದೇಶ ಬಂದು ಎಳೆದ, ಆಗಲಿಲ್ಲ. ಜಗಲಿಯ ಬದಿಯಲ್ಲಿ ಗುಸುಗುಸು ಶುರುವಾಯಿತು.

"ನೋಡವ್ವ" ಎಂದರು ಲಿಂಗೇಗೌಡರು. ದನಿ ಮೆತ್ತಗಿತ್ತು. "ನಾನು ಹೇಳಿದ್ದಲ್ಲ. ಪೀಠಾನೇ ಒಲ್ಲೆ ಅಂತೈತೆ."

ಅಂಗಳದಲ್ಲಿ ರಾಜಮ್ಮಣ್ಣಿಯ ತಾಯಿ ನಿಂತಿದ್ದಳು, ಮಂಚಯ್ಯನ ಸೊಸೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಇಳಿದು ಬಾ ಮಗ. ಲೈಬ್ರರಿ ತಾವೇ ಓದಾನ" ಎಂದಳು. ಹಿಂದೆ ನಿಂತಿದ್ದ ಕೆಲವರು ಆಗಲೇ ಮನೆಯ ಕಡೆ ತಿರುಗಿದ್ದರು.

ನಾನು ಗೆದ್ದಿದ್ದೆ. ರಾಜಮ್ಮಣ್ಣಿಯ ಅಂಗೈ ಇನ್ನೂ ನನ್ನ ಮೇಲಿತ್ತು. ಮೂವತ್ತು ಶ್ರಾವಣ ನಾನು ಹೊತ್ತ ಕಾವ್ಯದಲ್ಲಿ ಏನಿತ್ತು? ದಾಯಾದಿಯ ಹೊಟ್ಟೆಕಿಚ್ಚು ಒಂದು ವಂಶವನ್ನೇ ಸುಟ್ಟ ಕಥೆ. ಆ ಪದ್ಯಗಳಿಗೆ ಜಗಲಿಯೆಲ್ಲ ಅತ್ತದ್ದನ್ನು ನಾನು ಬಲ್ಲೆ. ಎದೆಯ ಮೇಲೆ ಇಟ್ಟುಕೊಂಡು ಕೇಳಿದ್ದೆ, ಭಕ್ತಿಯಿಂದ ಕೇಳಿದ್ದೆ, ಅದು ನನಗೆ ಹೇಳಿದ್ದೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಆ ಗಳಿಗೆಯಲ್ಲಿ ಅನ್ನಿಸಿತು. ಸಡಿಲಬೇಕೆಂದುಕೊಂಡೆ. ಆಗಲಿಲ್ಲ. ನಾನು ಬಿಗಿದದ್ದನ್ನು ನಾನು ಬಿಟ್ಟೆ. ನೀರು ಬಿಗಿದದ್ದು ಬಿಡಲಿಲ್ಲ.

ಅಷ್ಟರಲ್ಲಿ ನಿಂಗಾಜಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಗೌಡರ ಬೀದಿಯವರ ನಡುವಿನಿಂದ ದಾಟಿ ಬಂದು ರಾಜಮ್ಮಣ್ಣಿಯ ಎದುರಿಗೆ ಕೂತಳು.

"ಲಿಂಗಣ್ಣ, ಆ ಪದ್ಧತಿಯ ಇನ್ನೊಂದ್ ಸಲ ಹೇಳು."

"ಹೇಳಿದ್ನಲ್ಲ ಅತ್ತಿಗೆ. ನೆಲಕ್ಕೆ ತಾಕಂಗಿಲ್ಲ, ತೊಡೆಗೆ ತಾಕಂಗಿಲ್ಲ."

"ಕೈಗೆ?"

ಲಿಂಗೇಗೌಡರು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದರು.

"ಕೈಗೆ ತಾಕಬಾರ್ದು ಅಂತ ನಿಮ್ಮಪ್ಪನೂ ಹೇಳಿಲ್ಲ, ನಮ್ಮ ಮಾವನೂ ಹೇಳಿಲ್ಲ. ಆ ಮರದ ತುಂಡ ಅತ್ಲಾಗೆ ಮಡಗು ಮಗ. ಕೊಡಿಲ್ಲಿ ಪುಸ್ತಕವ."

ನನ್ನನ್ನು ಕಂಬದ ಬುಡಕ್ಕೆ ಸರಿಸಿದರು. ನಿಂಗಾಜಮ್ಮ ಎರಡೂ ಅಂಗೈಯನ್ನು ಚಾಚಿ ಜೋಡಿಸಿದಳು. ಥೇಟ್ ನನ್ನದೇ ಆಕಾರ. ರಾಜಮ್ಮಣ್ಣಿ ಆ ಅಂಗೈಗಳ ಮೇಲೆ ಹೊತ್ತಗೆಯನ್ನು ಇಟ್ಟು ಬಿಡಿಸಿದಳು. ಪುಸ್ತಕ ಭಾರ, ಕೈ ಮುದಿ. ಹಾಳೆ ಗಡಗಡ ನಡುಗಿತು, ಅಕ್ಷರ ನಿಲ್ಲಲಿಲ್ಲ. ರಾಜಮ್ಮಣ್ಣಿ ಒಂದು ಕ್ಷಣ ಹಿಂಜರಿದಳು. ಆಮೇಲೆ ತನ್ನ ಎಡಗೈಯನ್ನು ನಿಂಗಾಜಮ್ಮನ ಕೈಯ ಕೆಳಗೆ ತಂದು, ಆತು, ಹಿಡಿದುಕೊಂಡಳು. ಗೌಡರ ಬೀದಿಯವರು ನೋಡಿದರು. ಅಂಗಳದವರು ನೋಡಿದರು. ನಿಂಗಾಜಮ್ಮ ಕೈ ಎಳೆದುಕೊಳ್ಳಲಿಲ್ಲ.

"ಓದವ್ವ, ಕೈ ನೋಯ್ತದೆ" ಎಂದಳು.

ರಾಜಮ್ಮಣ್ಣಿ ಓದಿದಳು. ಉಸಿರು ಒಂದು ಸಲ ಏರಿ ಇಳಿಯುವುದರೊಳಗೆ ಮುಗಿಯಿತು. ಅಷ್ಟು ಚಿಕ್ಕದು.

ಅಂಗಳದಿಂದ ಅವಳ ತಾಯಿ ಕೇಳಿದಳು. "ಅಷ್ಟೇನಾ?"

"ಅಷ್ಟೇ ಕಣವ್ವ."

"ಇಷ್ಟು ಸಣ್ಣದಾ?" ಆ ಮುದುಕಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಇಲ್ಲಿಗೆ ಸರ್ಯಾಗಿ ಕೇಳಕ್ಕಿಲ್ಲ. ತಡಿ, ಬತ್ತೀನಿ. ಇನ್ನೊಂದ್ ಸಲ ಓದು."

ಅವಳು ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ನಾಲ್ಕು ಜನ, ಆಮೇಲೆ ಲೆಕ್ಕ ಸಿಗಲಿಲ್ಲ. ಗೌಡರ ಬೀದಿಯ ಇಬ್ಬರು ಎದ್ದು ಹೋದರು. ಉಳಿದವರು ಒತ್ತರಿಸಿ ಜಾಗ ಬಿಟ್ಟರು. ಲಿಂಗೇಗೌಡರು ಹೋಗಲೂ ಇಲ್ಲ, ಕೂರಲೂ ಇಲ್ಲ. ಕಂಬಕ್ಕೆ ಒರಗಿಯೇ ಮೂರನೆಯ ಸಲದ ಓದನ್ನೂ ಕೇಳಿದರು. ಕಂಬದ ಬುಡದಲ್ಲಿ ಅವರ ಕಾಲ ಬಳಿ ನಾನು ಮುಚ್ಚಿಕೊಂಡು ಬಿದ್ದಿದ್ದೆ.

ಅಲ್ಲಿಂದ ಓದು ಗ್ರಂಥಾಲಯಕ್ಕೆ ವಾಪಸು ಹೋಗಲಿಲ್ಲ. ಪ್ರತಿ ಭಾನುವಾರವೂ ಚಾವಡಿಯಲ್ಲೇ. ಹೊಸದೊಂದು ಪದ್ಧತಿಯೂ ಹುಟ್ಟಿತು: ಓದುವವರು ಒಬ್ಬರು, ಪುಸ್ತಕ ಹಿಡಿಯುವವರು ಇನ್ನೊಬ್ಬರು, ಇಬ್ಬರೂ ಒಂದೇ ಬೀದಿಯವರಾಗಿರಬಾರದು. ಯಾರು ಈ ನಿಯಮ ಮಾಡಿದರೆಂದು ಯಾರಿಗೂ ಗೊತ್ತಿಲ್ಲ. ನಾನು ತೆರೆಯದೆ ಹೋದದ್ದರಿಂದ ಆಯಿತೆಂದು ನನಗೆ ಗೊತ್ತು, ಆದರೆ ಅದನ್ನು ಹೆಮ್ಮೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ನನ್ನ ಮರ ಒಣಗಿತು. ಒಂದು ಮಧ್ಯಾಹ್ನ ನನ್ನಷ್ಟಕ್ಕೆ ನಾನೇ ಸಡಿಲವಾದೆ. ಜಗಲಿ ಗುಡಿಸುತ್ತಿದ್ದ ರಾಜಮ್ಮಣ್ಣಿ ನನ್ನನ್ನು ಎತ್ತಿದಾಗ ಸಲೀಸಾಗಿ ಬಿಚ್ಚಿಕೊಂಡೆ.

"ನಿಂಗಾಜವ್ವ, ಇಲ್ ನೋಡಿ, ಈಗ ಬಿಟ್ಕತು!"

ನಿಂಗಾಜಮ್ಮ ಎಲೆಯಡಿಕೆ ಜಗಿಯುತ್ತ ನೋಡಿದಳು. "ಈಗ ಯಾಕ್ ಬೇಕು ಬುಡು. ಅಷ್ಟ್ ವರ್ಸ ಹೊತ್ತೈತೆ. ಅತ್ಲಾಗೆ ಮೂಲೇಲಿ ಮಡಗು, ಕೂತ್ಕಂಡು ಕೇಳ್ಲಿ."

ಹಾಗೆ ನನ್ನನ್ನು ಮೂಲೆಯಲ್ಲಿ ಬಿಡಿಸಿಟ್ಟಿದ್ದಾರೆ. ನನ್ನ ಮೇಲೆ ಏನೂ ಇಲ್ಲ. ಹೊರೆಯಿಲ್ಲದೆ ಕೇಳುವುದು ನನಗೆ ಹೊಸದು. ಈಗ ಆ ಗದ್ಯದ ನಡಿಗೆ ನನಗೆ ಸ್ವಲ್ಪ ಸ್ವಲ್ಪ ಹಿಡಿಯುತ್ತಿದೆ. ಪದ್ಯ ಮೈಯೊಳಗೆ ನಡುಗುತ್ತಿತ್ತು. ಇದು ನಡುಗುವುದಿಲ್ಲ, ಒಬ್ಬರ ಬಾಯಿಂದ ಹೊರಟು ಇನ್ನೊಬ್ಬರ ಪ್ರಶ್ನೆಯಾಗಿ ತಿರುಗಿ ಬರುತ್ತದೆ. ಹೊತ್ತಗೆಯ ಮೇಲಿನ ಕಿಚ್ಚು ಆರಿತೆಂದೇ ಹೇಳಬೇಕು. ಆರದೆ ಉಳಿದಿರುವುದು ಬೇರೆ.

ಇಂದು ಪುಸ್ತಕ ಹಿಡಿಯುವ ಸರದಿ ಲಿಂಗೇಗೌಡರದು. ಮೂರು ಸಲ ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಇವತ್ತು ಬಂದು ಕೂತಿದ್ದಾರೆ. ರಾಜಮ್ಮಣ್ಣಿ ಓದುತ್ತಿದ್ದಾಳೆ.

"ಬಿರ್ರನೆ ಓದವ್ವ. ಕೈ ಸೋಲ್ತಾ ಐತೆ."

"ಇನ್ನೂ ಮೂರು ಉಪವಿಧಿ ಐತೆ ಗೌಡ್ರೇ. ಗಟ್ಟಿ ಹಿಡ್ಕಳಿ."

ನನಗೆ ಕೈ ಸೋಲುವುದಿಲ್ಲ. ಇನ್ನೂ ನೂರು ವರ್ಷ ಹೊರಬಲ್ಲೆ. ಅದಕ್ಕೇ ಅವರು ನನ್ನನ್ನು ಕರೆಯುವುದಿಲ್ಲವೇನೋ ಎಂದು ಈಚೆಗೆ ಅನ್ನಿಸುತ್ತದೆ. ಗೌಡರ ಕೈ ನಡುಗಿ ಪುಟ ಬಾಗಿದಾಗ ಪಕ್ಕದಿಂದ ಇನ್ನೊಂದು ಕೈ ಬಂದು ಕೆಳಗೆ ಆತುಕೊಳ್ಳುತ್ತದೆ. ಅದು ಯಾರ ಕೈ, ಯಾವ ಬೀದಿಯ ಕೈ ಎಂದು ಈಗ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾನು ಮಾತ್ರ ನೋಡುತ್ತೇನೆ, ಹೊಟ್ಟೆಕಿಚ್ಚಿನಿಂದ.